ಅತ್ತಿಗೆಯ ಇಪ್ಪತ್ತಮೂರನೇ ಶುಂಠಿ

ಲೋಕದಲ್ಲಿ ಶುಂಠಿಯನ್ನು ಚಹಾಕ್ಕೆ ಹಾಕುವವರಿದ್ದಾರೆ, ಕಷಾಯಕ್ಕೆ ಹಾಕುವವರಿದ್ದಾರೆ, ಮೀನಿನ ಸಾರಿಗೆ ಜಜ್ಜಿ ಹಾಕುವವರೂ ಇದ್ದಾರೆ. ಆದರೆ ಶುಂಠಿಯ ಸಲುವಾಗಿ, ನೋಡಲು ಬಂದ ಗಂಡನ್ನೇ ವಾಪಸು ಕಳಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಬರೀ ಕಂಡದ್ದಲ್ಲ, ಅವರ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಿದ್ದೇನೆ! ಅವರು ನನ್ನ ಗಂಡನ ಅಕ್ಕ. ನನಗೆ ಅತ್ತಿಗೆ, ಊರಿಗೆಲ್ಲ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು.

ಆ ಗಂಡು ಹೆಬಳೆಯವನಂತೆ. ನಾನು ಈ ಮನೆಗೆ ಬರುವ ಮೊದಲಿನ ಕತೆ ಇದು, ಅತ್ತೆಯ ಬಾಯಿಂದ ನೂರು ಸಲ ಕೇಳಿದ್ದೇನೆ. ಚಹಾ ಆದ ಮೇಲೆ ಅತ್ತಿಗೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸಾಲಾಗಿ ನೆಟ್ಟಿದ್ದ ಒಂಬತ್ತು ಗಿಡಗಳನ್ನು ತೋರಿಸಿ, ಒಂದೊಂದರ ಎಲೆ, ಗಡ್ಡೆ, ವಾಸನೆ ಎಲ್ಲ ವಿವರಿಸಿದರಂತೆ. ಅರ್ಧ ಗಂಟೆ ತಾಳ್ಮೆಯಿಂದ ಕೇಳಿದ ಆತ ಕೊನೆಗೆ, ಅಂತೂ ಎಲ್ಲ ಶುಂಠಿಯೇ ಅಲ್ಲವೇ ಎಂದನಂತೆ. ಸಂಬಂಧ ಅಲ್ಲಿಗೆ ಮುಗಿಯಿತು! ಅತ್ತೆ ಬೈದಾಗ ಅತ್ತಿಗೆ, "ಬಂಗಡೆಗೂ ತಾರ್ಲೆಗೂ ವ್ಯತ್ಯಾಸ ಗೊತ್ತಿಲ್ಲದವನ ಸಂಗಡ ನೀನಾದ್ರೂ ಸಂಸಾರ ಮಾಡ್ತಿದ್ಯಾ?" ಎಂದು ಕೇಳಿದರಂತೆ. ಅತ್ತೆ ಬೈಯುವುದನ್ನು ಬಿಟ್ಟು ಮೀನು ಹೆಚ್ಚಲು ಹೋದರಂತೆ.

ಯಾಕೆಂದರೆ, ಅತ್ತೆಯೂ ಅಂಥ ವ್ಯತ್ಯಾಸ ನೋಡುವ ಹೆಂಗಸೇ. ನಮ್ಮದು ಹೊನ್ನಾವರದ ದಂಡೆಯಲ್ಲಿ ದೋಣಿ ನಂಬಿದ ಮನೆ. ನಮ್ಮವರೂ ಮೈದುನನೂ ಬಲೆ ತಂದು ದಡದ ಮೇಲೆ ಕೊಡವಿದರೆ, ಅತ್ತೆ ಕುಕ್ಕರುಗಾಲಿನಲ್ಲಿ ಕೂತು ಕಣ್ಣು ಮಿಟುಕಿಸುವಷ್ಟರಲ್ಲಿ ರಾಶಿಯನ್ನು ಹತ್ತು ಗುಂಪು ಮಾಡುತ್ತಿದ್ದರು. ಬಂಗಡೆ ಒಂದು ಕಡೆ, ನೊಗ್ಲಿ ಒಂದು ಕಡೆ, ಶೆಟ್ಲಿಯಲ್ಲೇ, ಅಂದರೆ ಸಿಗಡಿಯಲ್ಲೇ, ಮೂರು ಜಾತಿ ಮೂರು ಕಡೆ. ಒಂದು ತಪ್ಪಿ ಇನ್ನೊಂದರ ಬುಟ್ಟಿಗೆ ಬಿದ್ದರೆ ಅವರಿಗೆ ಆ ದಿನದ ಊಟ ರುಚಿಸುತ್ತಿರಲಿಲ್ಲ. ಅತ್ತಿಗೆ ಇದನ್ನು ನೋಡುತ್ತಲೇ ಬೆಳೆದವರು. ನೌಕರಿ ಸಿಕ್ಕಿದ್ದು ಮಾತ್ರ ಸಮುದ್ರದಿಂದ ದೂರ, ಕುಮಟೆ ತಾಲೂಕಿನ ಸಂತೆಗುಳಿಯ ಆಚೆಗಿನ ಒಂದು ಶಾಲೆಯಲ್ಲಿ. ಶಾಲೆಯ ಹಿಂದೆ ಒಂದು ಹಳ್ಳ, ಹಳ್ಳದ ಆಚೆ ಘಟ್ಟದ ಬುಡದವರೆಗೂ ಒಂದು ಕಣಿವೆ. ಮೊದಲ ಮಳೆಗಾಲದಲ್ಲಿ ಆ ಕಣಿವೆಯ ತುಂಬ ಶುಂಠಿಯಂಥ, ಅರಿಶಿನದಂಥ ಗಿಡಗಳು ಎದ್ದವು. ಇದರ ಹೆಸರೇನು ಎಂದು ಊರವರನ್ನು ಕೇಳಿದರೆ ಕಾಡುಶುಂಠಿ ಎಂದರು. ಅದರದ್ದು? ಅದೂ ಕಾಡುಶುಂಠಿ. ಅದೋ, ಆಚೆ ಇರುವ ಎತ್ತರದ್ದು? ಅದೂ ಅದೇ! ಬುಟ್ಟಿ ತುಂಬ ಬಗೆಬಗೆಯ ಮೀನು ಇಟ್ಟುಕೊಂಡು ಎಲ್ಲದಕ್ಕೂ ಸಮುದ್ರದ ಮೀನು ಎಂದು ಒಂದೇ ಹೆಸರು ಹೇಳಿದರೆ ಮೀನುಗಾರರ ಮಗಳಿಗೆ ಹೇಗಾಗಬೇಡ? ಅಂದೇ ಅತ್ತಿಗೆ ಎರಡು ನೂರು ಪುಟದ ಒಂದು ನೋಟುಬುಕ್ಕು ಕೊಂಡರು. ಈ ಕಣಿವೆಯ ಶುಂಠಿ ಕುಲದಲ್ಲಿ ಹೆಸರಿಲ್ಲದ್ದು ಒಂದೂ ಉಳಿಯಬಾರದು ಎಂದು ಪಟ್ಟು ಹಿಡಿದರು.

ನಾನು ಮಾವಳ್ಳಿಯಿಂದ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಬಂದ ಮೊದಲ ನಾಗರಪಂಚಮಿಗೆ ಅತ್ತೆ ಅರಿಶಿನ ಎಲೆಯ ಕಡುಬು ಮಾಡು ಎಂದರು. ಹಿತ್ತಲಲ್ಲಿ ಬಚ್ಚಲ ನೀರು ಹೋಗುವಲ್ಲಿ ದೊಡ್ಡ ದೊಡ್ಡ ಎಲೆಯ ಗಿಡವೊಂದು ಸೊಂಪಾಗಿತ್ತು. ಅರಿಶಿನವೇ ಎಂದುಕೊಂಡು ಅದರ ಎಲೆಗಳನ್ನೆಲ್ಲ ಕೊಯ್ದು, ಹಿಟ್ಟು ಹಚ್ಚಿ, ಕಾಯಿ ಬೆಲ್ಲ ಇಟ್ಟು ಬೇಯಿಸಿದೆ. ಮನೆಮಂದಿಯೆಲ್ಲ ಚಪ್ಪರಿಸಿ ತಿಂದರು. ವಾರವಿಡೀ ಶಾಲೆಯ ಊರಲ್ಲೇ ಉಳಿಯುತ್ತಿದ್ದ ಅತ್ತಿಗೆ ಶನಿವಾರ ಮಧ್ಯಾಹ್ನ ಮನೆಗೆ ಬಂದು, ಹಿತ್ತಲಿಗೆ ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ. ನಾನು ಕೊಯ್ದದ್ದು ಅವರು ಕಣಿವೆಯಿಂದ ತಂದು, ಹೂ ಬಿಡಲಿ ಎಂದು ಕಾಯುತ್ತಿದ್ದ ಹನ್ನೊಂದನೇ ನಂಬರಿನ ಗಿಡವಂತೆ! ಬೈಯುತ್ತಾರೆ ಎಂದು ನಾನು ಸೆರಗು ಕಚ್ಚಿಕೊಂಡು ನಿಂತಿದ್ದರೆ, ಅವರು ನೋಟುಬುಕ್ಕು ಹಿಡಿದುಕೊಂಡು ಬಂದು ಒಬ್ಬೊಬ್ಬರನ್ನೇ ಕೂರಿಸಿ ವಿಚಾರಣೆ ನಡೆಸಿದರು. ಕಹಿ ಇತ್ತೋ? ನಾಲಿಗೆ ಚುರುಗುಟ್ಟಿತೋ? ತೇಗು ಬಂದದ್ದು ಎಷ್ಟು ಹೊತ್ತಿಗೆ? ಸಂಜೆ ನಾನು ಕದ್ದು ನೋಡಿದೆ. ಅಚ್ಚು ಹಾಕಿದಂಥ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದರು: 'ಹನ್ನೊಂದನೆಯದು. ಎಲೆಯನ್ನು ಕಡುಬಿಗೆ ಬಳಸಬಹುದು. ಐದು ಜನ ತಿಂದರು. ಐದೂ ಜನ ಬದುಕಿದ್ದಾರೆ.'

ಇನ್ನು ನಾನು ಬಸುರಿಯಾದಾಗಿನ ಸಂಗತಿ ಹೇಳದಿರುವುದೇ ಒಳ್ಳೆಯದು. ಬಸುರಿಯರಿಗೆ ಮೂಗು ಚುರುಕು ಎಂದು ಯಾರೋ ಹೇಳಿದರು, ಸಾಕಾಯಿತು! ಪ್ರತಿ ಶನಿವಾರ ಕಣ್ಣಿಗೆ ಬಟ್ಟೆ ಕಟ್ಟಿ ನನ್ನ ಮೂಗಿಗೆ ಗಡ್ಡೆಗಳನ್ನು ಹಿಡಿಯುತ್ತಿದ್ದರು. ಇದು ಮಾವಿನಕಾಯಿ, ಇದು ಕರ್ಪೂರ, ಇದು ತಿಗಣೆ ಎಂದು ನಾನು ಹೇಳಬೇಕು. ಐದನೇ ನಂಬರಿಗೆ ನಾನು ಬಚ್ಚಲಿಗೆ ಓಡಿದೆ. ಮುಂದಿನ ವಾರ ಇನ್ನೊಂದು ಗಡ್ಡೆಗೆ ಓಡಿದಾಗ ಅತ್ತಿಗೆಗೆ ಸಂತೋಷವೋ ಸಂತೋಷ. ಎರಡೂ ಒಂದೇ ಜಾತಿ ಎಂದು ಅವರಿಗಿದ್ದ ಅನುಮಾನ ನನ್ನ ವಾಂತಿಯಿಂದ ಖಾತ್ರಿಯಾಯಿತಂತೆ.

ಹೀಗೆ ಜಾತಿ ಬೇರೆ ಮಾಡಿದರಾಯಿತೇ, ಹೆಸರು ಯಾರು ಹೇಳಬೇಕು? ಧಾರವಾಡದಲ್ಲಿ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರರ ವಿಳಾಸ ಸಿಕ್ಕಿತು. ಗಿಡಗಳನ್ನು ಒಣಗಿಸಿ ಪಾರ್ಸಲು ಮಾಡಿ ಕಳಿಸಬೇಕಿತ್ತು. ಒಣಗಿಸುವುದು ಎಂದರೆ ನಮ್ಮ ಮನೆಗೆ ಗೊತ್ತಿದ್ದದ್ದು ಒಂದೇ ರೀತಿ. ಅವರು ಅತ್ತ ಶಾಲೆಗೆ ಹೋದ ಮೇಲೆ, ಮಗಳಿಗೆ ಸಹಾಯವಾಗಲಿ ಎಂದು ಅತ್ತೆ ಗಿಡಗಳಿಗೆಲ್ಲ ಉಪ್ಪು ಸವರಿ ತಾರ್ಲೆಯ ಪಕ್ಕದ ಚಾಪೆಯಲ್ಲೇ ಹರಡಿ, ಕಾಗೆ ಕಾದು, ಚೆನ್ನಾಗಿ ಒಣಗಿಸಿ ಇಟ್ಟಿದ್ದರು. ಪ್ರೊಫೆಸರರು ಪಾಪ, ಒಳ್ಳೆಯ ಮನುಷ್ಯ. ಸಸ್ಯಗಳು ತಲುಪಿದವು, ಆದರೆ ನಮ್ಮ ಕೋಣೆಗೆ ಈಗ ಊರಿನ ಬೆಕ್ಕುಗಳೆಲ್ಲ ಬರುತ್ತಿವೆ, ದಯವಿಟ್ಟು ಮುಂದಿನ ಸಲ ಉಪ್ಪು ಬೇಡ ಎಂದು ಬರೆದರು. ಜೊತೆಗೇ ಪಾಠವನ್ನೂ ಹೇಳಿಕೊಟ್ಟರು. ಎಲೆ ಕಾಂಡವನ್ನು ಸೇರುವ ಜಾಗದಲ್ಲಿ ತೆಳ್ಳಗಿನ ಒಂದು ಪೊರೆ ಇರುತ್ತದೆ, ಅದಕ್ಕೆ ನಾಲಿಗೆ ಎನ್ನುತ್ತಾರೆ, ಮೊದಲು ಅದನ್ನು ನೋಡಬೇಕು. ಆದರೆ ಏನೇ ನೋಡಿದರೂ ಹೂವಿಲ್ಲದೆ ಹೆಸರಿಲ್ಲ. ಈ ಕುಲದ ಹೂವೋ, ಬೆಳಗಾದರೆ ಕರಗಿ ನೀರು. ಒತ್ತಿ ಒಣಗಿಸಲು ಹೋದರೆ ಕಾಗದದ ಮೇಲೆ ಕಲೆ ಮಾತ್ರ ಉಳಿಯುತ್ತದೆ. ಅದಕ್ಕೆ ಸ್ಪಿರಿಟ್ಟಿನಲ್ಲಿ ಹಾಕಿ ಕಳಿಸಿ ಎಂದಿದ್ದರು.

ಸ್ಪಿರಿಟ್ಟು ಎಲ್ಲಿಂದ ತರುವುದು? ನಮ್ಮವರನ್ನು ಕೇಳಿದರೆ ಸಾರಾಯಿಯೂ ಅದೇ ಜಾತಿ ಎಂದರು. ನಾನೇ ತಂದುಕೊಡುತ್ತೇನೆ ಎಂದೂ ಬಹಳ ಉತ್ಸಾಹದಿಂದ ಹೇಳಿದರು. ತಮ್ಮನ ಉತ್ಸಾಹದ ಮೇಲೆ ಅತ್ತಿಗೆಗೆ ನಂಬಿಕೆ ಇರಲಿಲ್ಲ. ಸ್ವತಃ ಕುಮಟೆಗೆ ಹೋದರು. ಗಂಜಿ ಹಾಕಿದ ಸೀರೆ, ಬಗಲಲ್ಲಿ ಕೊಡೆ, ಕೈಯಲ್ಲಿ ಬಾಟಲಿ. ಹಾಡುಹಗಲಲ್ಲಿ ಸಾರಾಯಿ ಅಂಗಡಿಯ ಸಾಲಿನಲ್ಲಿ ಹೋಗಿ ನಿಂತುಬಿಟ್ಟರು! ಸಾಲಿನಲ್ಲಿದ್ದವರಲ್ಲಿ ನಾಲ್ಕು ಜನ ಅವರದ್ದೇ ಶಾಲೆಯ ಮಕ್ಕಳ ಅಪ್ಪಂದಿರು. ಅವರು ತಲೆ ತಗ್ಗಿಸಿ ಓಡಿದ್ದರಿಂದ ಅತ್ತಿಗೆಯ ಪಾಳಿ ಬೇಗ ಬಂತು. ನೀರು ಬೆರೆಸದ್ದೇ ಬೇಕು ಎಂದು ಹೇಳಿ ತಂದರು. ಮೂರನೇ ದಿನಕ್ಕೆ ಬಾಟಲಿಯೊಳಗಿನ ಹೂ ಕೊಳೆತು ಗಬ್ಬು ನಾರಿತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಅತ್ತಿಗೆ ಅದೇ ಬಾಟಲಿ ಹಿಡಿದುಕೊಂಡು ಮತ್ತೆ ಹೋಗಿ, ಎಲ್ಲರೆದುರು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ನೀರು ಬೆರೆಸಿದ್ದಕ್ಕೆ ಹೂವೇ ಸಾಕ್ಷಿ ಎಂದರು. ಸಾಲಿನಲ್ಲಿದ್ದವರೆಲ್ಲ ಅಕ್ಕೋರ ಪರ ನಿಂತರು. ಆಮೇಲೆ ಅಲ್ಲಿಯ ಸಾರಾಯಿಯಲ್ಲಿ ಹೂ ಕೊಳೆಯಲಿಲ್ಲ. ಎಷ್ಟೋ ವರ್ಷದವರೆಗೆ ಕುಮಟೆಯ ಪೇಟೆಯಲ್ಲಿ ಗುರುತಿಲ್ಲದ ಗಂಡಸರು ಅತ್ತಿಗೆಯನ್ನು ಕಂಡರೆ ಎದ್ದು ಕೈಮುಗಿಯುತ್ತಿದ್ದರು.

ಹೀಗೆ ಒಂದೊಂದಾಗಿ ಇಪ್ಪತ್ತೆರಡು ಗಿಡಗಳಿಗೆ ಹೆಸರು ಬಂತು. ಉಳಿದದ್ದು ಒಂದೇ, ಇಪ್ಪತ್ತಮೂರನೆಯದು.

ಅದು ಇದ್ದದ್ದು ಹಳ್ಳದ ಆಚೆ ದಂಡೆಯ ಬಂಡೆಗಳ ಸಂದಿಯಲ್ಲಿ. ಮಳೆಗಾಲ ಮುಗಿದು ಹಳ್ಳ ಇಳಿದ ಮೇಲೆ ಹೋದರೆ, ನೆಲಕ್ಕೆ ಅಂಟಿಕೊಂಡು ಒಡೆದ ಕೆಂಪು ಕಾಯಿ, ಒಳಗೆ ಕಪ್ಪು ಬೀಜ ಕಾಣುತ್ತಿತ್ತು. ಅಂದರೆ ಹೂವು ಬಿಟ್ಟದ್ದು ಆಷಾಢ ಶ್ರಾವಣದಲ್ಲಿ. ಆಗ ಹಳ್ಳ ಎರಡು ಆಳು ತುಂಬಿ ಸುತ್ತುತ್ತಿರುತ್ತದೆ, ಯಾರೂ ದಾಟುವಂತಿಲ್ಲ. ಗಡ್ಡೆ ತಂದು ಮೂರು ಸಲ ನಮ್ಮ ಹಿತ್ತಲಲ್ಲಿ ನೆಟ್ಟರು. ನಮ್ಮ ಉಪ್ಪು ಮರಳಿನಲ್ಲಿ ಅದು ಎರಡು ಎಲೆ ಬಿಟ್ಟು ಸೊರಗಿ ಸತ್ತಿತು. ಹೂ ಕಳಿಸಿ, ಹೆಸರು ಹೇಳುತ್ತೇನೆ ಎಂದು ಪ್ರೊಫೆಸರರು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು. ವರ್ಷದ ಮೇಲೆ ವರ್ಷ ಹೋಯಿತು. ಅತ್ತಿಗೆ ಹಳ್ಳದ ಈಚೆ ದಂಡೆಯಲ್ಲಿ ಕೊಡೆ ಹಿಡಿದು ನಿಂತು ಆಚೆ ದಂಡೆಯನ್ನು ನೋಡುವುದು, ಬರುವುದು. ನಾವು ಮನೆಯಲ್ಲಿ ನಗುವುದು. ಅದಕ್ಕೆ ಸವತಿ ಎಂದು ನಾವೇ ಹೆಸರಿಟ್ಟಿದ್ದೆವು. ಹೆಬಳೆಯ ಗಂಡು ಹೋದರೂ ಸವತಿ ಮಾತ್ರ ಬಿಡಲಿಲ್ಲ ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು.

ಆಮೇಲೆ ಒಂದು ಬೇಸಿಗೆ ಅತ್ತಿಗೆ ನನ್ನನ್ನು ಜೊತೆಗೆ ಕರೆದುಕೊಂಡು ಕಣ್ಣಿನ ಡಾಕ್ಟರರಲ್ಲಿಗೆ ಹೋದರು. ಕನ್ನಡಕ ಬದಲಿಸಬೇಕೇನೋ ಎಂದು ನಾನು ತಿಳಿದಿದ್ದೆ. ಕಣ್ಣಿನ ನರ ಸೊರಗುತ್ತ ಬಂದಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರಲಿಕ್ಕಿಲ್ಲ ಎಂದರು ಡಾಕ್ಟರು. ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ.

"ಶ್ರಾವಣದ ತಂಕ ಇರ್ತದಾ?"

ಹೇಳಲಾಗದು ಎಂದರು ಡಾಕ್ಟರು.

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ಅತ್ತಿಗೆ ಮನೆಗೆ ಬಂದು ಕಾಲು ತೊಳೆದು, ನಮ್ಮವರನ್ನು ಕರೆದು, ಈ ಮಳೆಗಾಲ ಹಳ್ಳ ದಾಟಲು ದೋಣಿ ಬೇಕು ಎಂದರು.

ಯೋಚಿಸಿ ನೋಡಿ, ಸಂತೆಗುಳಿಗೆ ದೋಣಿ! ನಮ್ಮವರು ಮೊದಲು ನಕ್ಕರು, ಆಮೇಲೆ ಅಕ್ಕನ ಮುಖ ನೋಡಿ ದೋಣಿ ಸಾಗಿಸುವ ಲೆಕ್ಕ ಹಾಕತೊಡಗಿದರು. ಮಳೆಗಾಲದಲ್ಲಿ ನಮ್ಮ ಗಂಡಸರಿಗೆ ಕೆಲಸವಿಲ್ಲ, ಸಮುದ್ರಕ್ಕೆ ಇಳಿಯುವಂತಿಲ್ಲ, ಮೀನಿನ ಲಾರಿಗಳೂ ಖಾಲಿ ನಿಂತಿರುತ್ತವೆ. ಅಲ್ಲಿಗೆ ಎಲ್ಲ ಸರಿಯೇ. ಅಡ್ಡ ಬಂದದ್ದು ಶ್ರಾವಣದ ನೂಲ ಹುಣ್ಣಿಮೆ. ಆ ದಿನ ಸಮುದ್ರಕ್ಕೆ ಕಾಯಿ ಬಿಟ್ಟು ಪೂಜೆ ಮಾಡುವವರೆಗೆ ನಮ್ಮಲ್ಲಿ ಯಾರೂ ದೋಣಿಯನ್ನು ನೀರಿಗೆ ತಾಗಿಸುವುದಿಲ್ಲ. ಹುಣ್ಣಿಮೆ ಕಾದರೆ ಹೂವು ಮುಗಿಯಬಹುದು, ಕಣ್ಣೂ ಮುಗಿಯಬಹುದು. ಕಾಯದಿದ್ದರೆ ಕಟ್ಟು ಮುರಿದಂತೆ. ಕಟ್ಟು ಮುರಿದ ದೋಣಿಗೆ ಆ ವರ್ಷ ಕೇರಿಯಲ್ಲಿ ಯಾರು ಕೈ ಹಚ್ಚುತ್ತಾರೆ? ನಮ್ಮವರೂ ಮೈದುನನೂ ಎರಡು ದಿನ ಜಗಲಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

ಈ ಗಂಟು ಬಿಡಿಸಿದ್ದು ಅತ್ತೆ. ಅವರು ದೇವರ ಮುಂದಿನ ಒಂದು ಕಾಯಿ ತಂದು ಮಗನ ಕೈಗೆ ಕೊಟ್ಟು ಹೇಳಿದರು:

"ನೇಮ ಇರೂದು ಸಮುದ್ರಕ್ಕೆ. ಹಳ್ಳ ಸಣ್ಣದು, ಅದಕ್ಕೆ ಅರ್ಧ ಕಾಯಿ ಸಾಕು. ಉಳಿದ ಅರ್ಧ ಚಟ್ನಿಗೆ ತಕಂಡು ಬಾ."

ಅತ್ತೆ ಹೀಗೆಂದರೆಂದು ಕೇಳಿದ ಮೇಲೆ ಕೇರಿಯ ಹಿರಿಯರೂ ಒಪ್ಪಿಕೊಂಡರು. ಆಷಾಢದ ಒಂದು ಭಾನುವಾರ ಮೀನಿನ ಲಾರಿಯ ಮೇಲೆ ಸಣ್ಣ ಪಾತಿ ದೋಣಿಯನ್ನು ಬಿಗಿದು ಹೊರಟೆವು. ಗಂಡಸರು ಇಬ್ಬರು, ಅತ್ತಿಗೆ ಮತ್ತು ನಾನು. ನಾನು ಯಾಕೆ ಎಂದು ಕೇಳಿದ್ದಕ್ಕೆ, ಗಂಡಸರನ್ನು ಎಂತ ಕೇಳಿದರೂ ಹೂಂ ಎನ್ನುತ್ತಾರೆ, ನೀನು ಬಾ ಎಂದಿದ್ದರು ಅತ್ತಿಗೆ. ಸಂತೆಗುಳಿಯ ಜನ ಮನೆಯಿಂದ ಹೊರಗೆ ಬಂದು ನಿಂತು, ಘಟ್ಟದ ಕಡೆ ಹೋಗುತ್ತಿರುವ ದೋಣಿಯನ್ನು ನೋಡಿದರು. ಸಮುದ್ರ ಇಲ್ಲಿವರೆಗೆ ಬರುತ್ತದೆಯೋ ಎಂದು ಒಬ್ಬ ಅಜ್ಜ ನಿಜವಾಗಿಯೂ ಗಾಬರಿಯಿಂದ ಕೇಳಿದ.

ಅರ್ಧ ಕಾಯಿ ಹಳ್ಳಕ್ಕೆ ಬಿಟ್ಟು, ಹಗ್ಗ ಹಿಡಿದು, ಆ ಸೆಳವಿನಲ್ಲಿ ನಮ್ಮನ್ನು ಆಚೆ ದಡ ಮುಟ್ಟಿಸಿದಾಗ ನಮ್ಮವರ ಬಗ್ಗೆ ನನಗೆ ಬಹಳ ಹೆಮ್ಮೆಯಾಯಿತು. ಹೆಮ್ಮೆ ಹತ್ತು ಹೆಜ್ಜೆಯವರೆಗೆ ಇತ್ತು. ಹನ್ನೊಂದನೇ ಹೆಜ್ಜೆಗೆ ಕಾಲಿಗೆ ಉಂಬಳ, ಕಾಡಿನ ಜಿಗಣೆ, ಹತ್ತಿತು. ತೆಂಗಿನ ಮರದೆತ್ತರದ ಅಲೆಗೆ ಅಂಜದ ಅಣ್ಣತಮ್ಮಂದಿರು ಕಡ್ಡಿಯಷ್ಟು ಉಂಬಳಕ್ಕೆ ಲುಂಗಿ ಎತ್ತಿಕೊಂಡು ಕುಣಿದದ್ದನ್ನು ನಾನು ಈ ಕಣ್ಣಾರೆ ಕಂಡೆ! ಅತ್ತಿಗೆ ಮಾತ್ರ ನನ್ನ ಭುಜ ಹಿಡಿದು, ಎಷ್ಟು ಬಂಡೆ ದಾಟಿದೆವು ಎಂದು ಎಣಿಸುತ್ತ ಬಂದರು. ಏಳನೇ ಬಂಡೆಯ ಹತ್ತಿರ ನಿಲ್ಲು ಎಂದರು. ನೆಲಕ್ಕೆ ಮಂಡಿಯೂರಿ ಎರಡೂ ಕೈಯಿಂದ ಕೊಳೆತ ಎಲೆಗಳನ್ನು ಮೆಲ್ಲಗೆ ಸರಿಸಿದರು.

ಅಲ್ಲಿ ಹೂವಿತ್ತು. ಒಂದೇ ಒಂದು, ಆಗಷ್ಟೇ ಅರಳಿದ್ದು.

ಅತ್ತಿಗೆ ಕನ್ನಡಕ ಒರೆಸಿಕೊಂಡು ಬಗ್ಗಿದರು. ಮತ್ತೆ ಒರೆಸಿಕೊಂಡರು. ಮೂಗು ಹೂವಿಗೆ ತಾಗುವಷ್ಟು ಹತ್ತಿರ ಹೋದರು. ಮಳೆ ಹನಿಯುತ್ತಿತ್ತು. ನಮ್ಮವರು ಕೊಡೆಯನ್ನು ಅಕ್ಕನ ತಲೆಗೆ ಹಿಡಿಯದೆ ಹೂವಿಗೆ ಹಿಡಿದು ನಿಂತಿದ್ದರು. ತುಂಬ ಹೊತ್ತಾದ ಮೇಲೆ ಅತ್ತಿಗೆ ತಲೆ ಎತ್ತಿದರು.

"ಬೆಳ್ಳಗೆ ಎಂತದೋ ಅದೆ. ಅಷ್ಟೇ ಕಾಣ್ತದೆ. ನೀ ನೋಡಿ ಹೇಳು."

"ಚಂದ ಅದೆ ಅತ್ತಿಗೆ," ಎಂದೆ ನಾನು.

"ಚಂದ ಎಷ್ಟು ಉದ್ದ ಅದೆ? ಅಡಿಪಟ್ಟಿ ಚೀಲದಲ್ಲಿ ಅದೆ, ತಕ."

ತೆಗೆದೆ. ಅವರು ಕೇಳುತ್ತ ಹೋದರು, ನಾನು ಹೇಳುತ್ತ, ಬರೆಯುತ್ತ ಹೋದೆ. ಹೂವಿನ ತುಟಿ ಒಂದೇ ತುಂಡೋ, ಮೂರು ಸೀಳೋ? ನಡುವಿನ ಸೀಳಿನ ತುದಿ ಚೂಪೋ, ಕಚ್ಚು ಬಿದ್ದಿದೆಯೋ? ಕೇಸರ ಎಷ್ಟು? ಅದರ ಕೊಕ್ಕು ಯಾವ ಕಡೆ ಬಾಗಿದೆ? ಎಲೆಯ ನಾಲಿಗೆಗೆ ರೋಮ ಇದೆಯೋ? ಗೊತ್ತಿಲ್ಲ ಎಂದರೆ ಮತ್ತೆ ನೋಡು ಎನ್ನುತ್ತಿದ್ದರು. ಬಣ್ಣ ಯಾವುದು ಎಂದು ಕೇಳಿದಾಗ ನನಗೆ ಸರಿಯಾದ ಶಬ್ದ ಹೊಳೆಯಲಿಲ್ಲ. ತುಟಿಯ ಮೇಲಿನ ಚುಕ್ಕೆ ಬೇಯಿಸಿದ ಶೆಟ್ಲಿಯ ಬಣ್ಣ ಎಂದೆ. ಹಾಗೇ ಬರಿ ಎಂದರು. ಅಡಿಗೆಮನೆ ಬಿಟ್ಟು ಬೇರೆ ಲೋಕ ಕಾಣದ ನಾನು, ಇಷ್ಟು ವರ್ಷ ಆಡಿಕೊಂಡು ನಗುತ್ತಿದ್ದ ನಾನು, ಒಂದು ಹೂವನ್ನು ಮುಕ್ಕಾಲು ಗಂಟೆ ನೋಡಿದೆ. ಅಷ್ಟು ಗಮನವಿಟ್ಟು ನಾನು ನನ್ನ ಮಗಳ ಮುಖವನ್ನೂ ನೋಡಿರಲಿಲ್ಲ. ಎಲ್ಲ ಬರೆದಾದ ಮೇಲೆ ಹೂವನ್ನು ಸಾರಾಯಿಗೆ ಹಾಕಿ ಮುಚ್ಚಳ ಬಿಗಿದೆವು. ಅತ್ತಿಗೆ ಬಾಟಲಿಯನ್ನು ದೋಣಿಯಲ್ಲೂ ಲಾರಿಯಲ್ಲೂ ಮಡಿಲಿಂದ ಕೆಳಗೆ ಇಡಲಿಲ್ಲ.

ಕುಮಟೆಯಿಂದ ತಂದ ಹಾಳೆಯ ಮೇಲೆ, ಪ್ರೊಫೆಸರರು ಕೇಳಿದ್ದ ಕ್ರಮದಲ್ಲೇ, ಅದನ್ನೆಲ್ಲ ಎರಡು ಪ್ರತಿ ನಾನೇ ಚೆನ್ನಾಗಿ ಬರೆದೆ. ಕೊನೆಯ ಸಾಲೊಂದನ್ನು ನಾನು ತುಂಬುತ್ತೇನೆ, ಕೊಡು ಎಂದು ಅತ್ತಿಗೆ ಇಸಿದುಕೊಂಡರು. ಪಾರ್ಸಲನ್ನೂ ತಾವೇ ಕಟ್ಟಿ ಕಳಿಸಿದರು.

ದೀಪಾವಳಿಯ ಹೊತ್ತಿಗೆ ಉತ್ತರ ಬಂತು. ಆ ವೇಳೆಗೆ ಅತ್ತಿಗೆಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ, ಶಾಲೆಗೂ ರಜೆ ಹಾಕಿದ್ದರು. ಕಾಗದ ನಾನು ಓದಿದೆ. ಈ ಗಿಡಕ್ಕೆ ಹೆಸರು ಆಗಲೇ ಇದೆ, ಬಹಳ ಹಿಂದೆ ಒಬ್ಬ ಬಿಳಿಯ ಇಟ್ಟದ್ದು ಎಂದು ಬರೆದಿದ್ದರು ಪ್ರೊಫೆಸರರು. ಇಷ್ಟು ಸ್ಪಷ್ಟವಾದ ವಿವರಣೆಯನ್ನು ಅವರ ವಿದ್ಯಾರ್ಥಿಗಳೂ ಕಳಿಸಿದ್ದಿಲ್ಲವಂತೆ. ಬೇಯಿಸಿದ ಶೆಟ್ಲಿಯ ಬಣ್ಣ ಎಂದರೆ ಯಾವುದು ಎಂದು ಧಾರವಾಡದಲ್ಲಿ ಯಾರಿಗೂ ತಿಳಿಯದೆ ಕಾರವಾರದವರೊಬ್ಬರನ್ನು ಹುಡುಕಿ ಕೇಳಬೇಕಾಯಿತಂತೆ. ಹೊಸ ಗಿಡ ಅಲ್ಲವಲ್ಲ ಎಂದು ನನಗೆ ಪೆಚ್ಚೆನಿಸಿತು. ಅತ್ತಿಗೆ ಮಾತ್ರ ಆ ಉದ್ದದ ಹೆಸರನ್ನು ನನ್ನಿಂದ ಮೂರು ಸಲ ಓದಿಸಿ, ಬಾಯಿಪಾಠ ಮಾಡಿಕೊಂಡು, "ಆತು, ಅದಕ್ಕೂ ಒಂದು ಹೆಸರಾತು," ಎಂದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಕಾಗದದ ಜೊತೆ ನಮ್ಮ ಹಾಳೆಯ ಒಂದು ಪ್ರತಿಯನ್ನು ಸಹಿ ಮಾಡಿ ವಾಪಸು ಕಳಿಸಿದ್ದರು. ಮೇಲಿನಿಂದ ಕೆಳಗಿನವರೆಗೆ ನನ್ನ ಅಕ್ಷರ. ಕೊನೆಯ ಸಾಲು, 'ಹೂವನ್ನು ಕಂಡವರು' ಎಂಬಲ್ಲಿ ಮಾತ್ರ ಬೇರೆ ಅಕ್ಷರ. ಅಚ್ಚಿನಂತೆ ಬರೆಯುತ್ತಿದ್ದ ಅಕ್ಕೋರ ಅಕ್ಷರ, ದೊಡ್ಡದಾಗಿ, ಒಂದರ ಮೇಲೊಂದು ಹತ್ತಿ, ಗೆರೆ ಬಿಟ್ಟು ಜಾರಿ ಹೋಗಿತ್ತು. ಕೂಡಿಸಿ ಓದಿದೆ. ಅದು ಅವರ ಹೆಸರಲ್ಲ. ನನ್ನದು. ಮದುವೆಯ ಕಾಗದ ಮತ್ತು ರೇಷನ್ ಕಾರ್ಡು ಬಿಟ್ಟು ಎಲ್ಲೂ ಯಾರೂ ಬರೆಯದ ನನ್ನ ಹೆಸರು.

ಹನ್ನೆರಡು ವರ್ಷ ಕಾದವರು ನೀವು, ನನ್ನ ಹೆಸರು ಯಾಕೆ ಬರೆದಿರಿ ಎಂದು ಕೇಳಿದೆ.

"ಕಾದವರು ಯಾರು ಹೇಳಿ ಅಲ್ಲಿ ಕೇಳ್ಲಿಲ್ಲ. ಕಂಡವರು ಯಾರು ಹೇಳಿ ಕೇಳಿದ್ರು. ನಾ ಕಾಣ್ಲಿಲ್ಲ, ನೀ ಕಂಡೆ. ಸುಳ್ಳು ಬರೀಲಿಕ್ಕೆ ಆಗ್ತದಾ?"

ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರಿಗೆ ಅದು ಕಾಣಲಿಲ್ಲ. ಕೈ ಒದ್ದೆಯಾದ ಮೇಲೆ ಗೊತ್ತಾಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಏಳನೇ ಬಂಡೆ ದಾಟಿ ಇನ್ನೂ ಮೇಲೆ ಹೋದರೆ ಎಲೆಯ ಕೆಳಗೆ ನೇರಳೆ ಬಣ್ಣ ಇರುವ ಒಂದು ಗಿಡ ಇದೆ, ಅದು ಇಪ್ಪತ್ತಮೂರರಲ್ಲಿ ಯಾವುದೂ ಅಲ್ಲ ಅಂತ ಕಾಣುತ್ತದೆ, ಬರುವ ಮಳೆಗಾಲ ನೀನು ಹೋಗಿ ನೋಡಬೇಕು ಎಂದರು. ಹೋಗುತ್ತೇನೆ ಎಂದೆ.